ಎಪ್ಪತ್ತೆಂಟರ ಗೆರೆ

ಪಟಾನ್‌ಚೆರುವಿನ ಕಾರ್ಖಾನೆಗಳ ಹಿಂದಿನ ಕಾಲೊನಿಯಲ್ಲಿ ಟೈಲ್ಸ್ ಮೇಸ್ತ್ರಿ ಗುರುಶಾಂತನ ಸೈಕಲ್ಲಿಗೆ ಜನ ಇಟ್ಟ ಹೆಸರು ಒಂಟೆ. ಅವನು ಹತ್ತಿ ಕೂತಾಗ ಅದು ಮೊದಲು ತುಸು ಕುಸಿಯುತ್ತಿತ್ತು, ಆಮೇಲೆ ಸಾವರಿಸಿಕೊಂಡು ಏಳುತ್ತಿತ್ತು. ದಾರಿಯಲ್ಲಿ ಕಲ್ಲು ಸಿಕ್ಕರೆ ಮುಂದಿನ ಚಕ್ರ ಒಮ್ಮೆ, ಹಿಂದಿನ ಚಕ್ರ ಒಮ್ಮೆ ಮಂಡಿ ಮಡಚಿ ಬಿಚ್ಚಿದಂತೆ ಮಾಡಿ ದಾಟಿಬಿಡುತ್ತಿತ್ತು. ಮೇಲೆ ಕೂತವನಿಗೆ ಸುದ್ದಿಯೇ ಮುಟ್ಟುತ್ತಿರಲಿಲ್ಲ. ಗುಡ್ಡ ಹತ್ತಿಸಲೆಂದೇ ಮಾಡಿದ ಸೈಕಲ್ ಅದು. ಅಂಥದ್ದೊಂದರ ಬೆಲೆಗೆ ಹಳೆಯ ಕಾರು ಬರುತ್ತದೆ. ವಿಲ್ಲಾಗಳ ಜನ ಭಾನುವಾರ ಬೆಳಗ್ಗೆ ಅಂಥವನ್ನು ಕಾರಿನ ಬೆನ್ನಿಗೆ ಕಟ್ಟಿಕೊಂಡು ಗುಡ್ಡದ ಬುಡದ ತನಕ ಹೋಗುತ್ತಾರೆ. ಸೈಕಲ್ ಹೊಡೆಯಲು ಕಾರಿನಲ್ಲಿ ಹೋಗುವುದೆಂದರೇನೆಂದು ಗುರುಶಾಂತನಿಗೆ ಇವತ್ತಿಗೂ ಅರ್ಥವಾಗಿಲ್ಲ. ನನಗೂ ಆಗಿಲ್ಲ.

ಅವನು ಮಾತ್ರ ಅದರ ಹ್ಯಾಂಡಲ್ಲಿಗೆ ಬುತ್ತಿಯ ಡಬ್ಬಿ ತೂಗುಹಾಕಿ, ಕರಣೆ, ರಸಮಟ್ಟ, ರಬ್ಬರ್ ಸುತ್ತಿಗೆ ತುಂಬಿದ ಚೀಲವನ್ನು ಬೆನ್ನಿಗೇರಿಸಿ, ದಿನವೂ ಹನ್ನೆರಡು ಕಿಲೋಮೀಟರ್ ತುಳಿದು ತೆಲ್ಲಾಪುರದ ಕಡೆ ಕೆಲಸಕ್ಕೆ ಹೋಗುತ್ತಿದ್ದ. ನಲವತ್ತೆರಡು ವರ್ಷದ ಸಣಕಲು ಮನುಷ್ಯ, ರಾಯಚೂರು ಕಡೆಯವನು, ಮಾತು ಕಡಿಮೆ. ಅವನು ಹೋಗುವುದನ್ನು ನೋಡಿ ಜನ ನಗುತ್ತಿದ್ದರು. ಆದರೆ ಆ ಸೈಕಲ್ಲಿನ ಮೇಲೆ ಒಬ್ಬರೂ ಕೈಯಿಡುತ್ತಿರಲಿಲ್ಲ. ಒಣಹಾಕಿದ ಟವೆಲ್ಲು ಕೂಡ ಉಳಿಯದ ಕಾಲೊನಿ ಅದು. ಅಂಥಲ್ಲಿ ಈ ಸೈಕಲ್ ಬೀಗವಿಲ್ಲದೆ ತಗಡಿನ ಗೋಡೆಗೆ ಒರಗಿ ನಿಂತಿರುತ್ತಿತ್ತು. ಅದು ಸತ್ತವನ ಸೈಕಲ್ಲೆಂದು ಎಲ್ಲರಿಗೂ ಗೊತ್ತಿತ್ತು.

ಸತ್ತವನ ಹೆಸರು ಮಿಲಿಂದ. ಕಾಚಿಗೂಡದ ವಾಸುದೇವರಾಯರ ಮಗ. ಮೂರು ತಲೆಮಾರಿನ ಹಿಂದೆ ರಾಯಚೂರಿನಿಂದ ಬಂದು ನಿಜಾಮನ ಕಾಲದಿಂದಲೂ ಸರಕಾರಿ ನೌಕರಿಯಲ್ಲಿದ್ದ ಮನೆತನ ಅವರದು. ರಾಯರು ನಾಂಪಲ್ಲಿಯ ಕಚೇರಿಯೊಂದರಲ್ಲಿ ನಿವೃತ್ತರಾದವರು. ಕೆಳಗೆ ಮಗಳ ಸಂಸಾರ, ಮೇಲೆ ರಾಯರು, ಅವರ ಹೆಂಡತಿ ತುಳಸಾಬಾಯಿ, ಮದುವೆಯಾಗದ ಮಗ. ಮಿಲಿಂದ ಪಟಾನ್‌ಚೆರುವಿನ ಔಷಧ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ. ಭಾನುವಾರ ಬಂದರೆ ಊರಾಚೆಯ ಕಲ್ಲುಗುಡ್ಡಗಳಲ್ಲಿ ಸೈಕಲ್ ಹೊಡೆಯುವುದೊಂದೇ ಅವನ ಹುಚ್ಚು. ಮೂವತ್ತೊಂಬತ್ತನೆಯ ವರ್ಷ, ಒಂದು ಭಾನುವಾರ ಬೆಳಗ್ಗೆ, ಗುಡ್ಡದ ಮೇಲೆ ಎದೆ ನಿಂತು ಹೋಯಿತು. ಮೊದಲು ಕಂಡವರು ಆಡು ಕಾಯುವವರು. ಅವನು ಬಂಡೆಯ ನೆರಳಿನಲ್ಲಿ ಮಲಗಿದ್ದ. ಸೈಕಲ್ ಒಂದು ಗೀರೂ ಇಲ್ಲದೆ ಅದೇ ಬಂಡೆಗೆ ನೆಟ್ಟಗೆ ಒರಗಿ ನಿಂತಿತ್ತು.

ಆ ದಿನಗಳಲ್ಲಿ ಗುರುಶಾಂತ ಆ ಮನೆಯ ಬಚ್ಚಲಿಗೆ ಟೈಲ್ಸ್ ಹಾಕುತ್ತಿದ್ದ. ಸಾವಾದ ಮೇಲೆ ಕೆಲಸ ನಿಂತಿತು. ಹನ್ನೆರಡನೆಯ ದಿನ ತನ್ನ ಸಾಮಾನು ಒಯ್ಯಲು ಬಂದವನು ಅಂಗಳದ ತುದಿಯಲ್ಲಿ ನಿಂತು ನೋಡಿದ. ಒಳಗೆ ದಾನ ನಡೆದಿತ್ತು. ಸತ್ತವನು ಒಂದು ವರ್ಷ ನಡೆಯಬೇಕು, ದಾರಿ ತುಂಬ ಕಾದ ಮರಳು. ಇಲ್ಲಿ ಕೊಟ್ಟ ಕೊಡೆ ಅಲ್ಲಿ ಅವನ ತಲೆಯ ಮೇಲೆ ಬಿಚ್ಚಿಕೊಳ್ಳುತ್ತದೆ, ದಾನ ತೆಗೆದುಕೊಂಡವನು ಇಲ್ಲಿ ಚಪ್ಪಲಿ ಮೆಟ್ಟಿ ನಡೆದರೆ ಅಲ್ಲಿ ಅವನ ಕಾಲು ಸುಡುವುದಿಲ್ಲ ಎಂಬುದು ಆ ಮನೆಯ ನಂಬಿಕೆ. ಆಚಾರ್ಯರು ಕೊಡೆ ತೆಗೆದುಕೊಂಡರು, ಚಪ್ಪಲಿ ತೆಗೆದುಕೊಂಡರು, ತಂಬಿಗೆ, ಹಾಸಿಗೆ ಎಲ್ಲ ತೆಗೆದುಕೊಂಡರು. ಆಮೇಲೆ ತುಳಸಾಬಾಯಿ ಗೋಡೆಗೆ ಒರಗಿದ್ದ ಸೈಕಲ್ಲನ್ನು ತೋರಿಸಿದರು. ಆಚಾರ್ಯರು ಎರಡು ಹೆಜ್ಜೆ ಹಿಂದೆ ಸರಿದರು.

“ಬಾಯಾರ, ಇದನ್ನ ಹತ್ತಿದ್ರ ನನ್ನ ಧೋತ್ರದ ಗತಿ ಏನು? ಹೊಡಿಯೋರು ಯಾರರೆ ಇದ್ರ ಅವರಿಗೆ ಕೊಡ್ರಿ.”

ತುಳಸಾಬಾಯಿಯ ಕಣ್ಣು ಅಂಗಳದ ತುದಿಗೆ ಬಂತು.

“ಗುರುಶಾಂತ, ಸೈಕಲ್ ಹೊಡೀಲಿಕ್ಕೆ ಬರ್ತದೇನಪ್ಪಾ ನಿನಗ?”

“ಬರ್ತೈತ್ರಿ ಬಾಯಾರ.”

“ಒಂದು ವರ್ಷ, ದಿನಾ ಹೊಡೀತೀಯೇನು? ತಗೊಂಡು ಮೂಲಿಗೆ ನಿಲ್ಲಸಬಾರದು. ಆ ಚಪ್ಪಲ್ ಆಚಾರ್ಯರು ಮೆಟ್ಟೋದಿಲ್ಲ, ಅಟ್ಟಕ್ಕ ಹಾಕ್ತಾರ, ನನಗ ಗೊತ್ತದ. ನೀ ಹೊಡದ್ರ ನನ್ನ ಮಗ ಇದರ ಮ್ಯಾಲೆ ಹೋಗ್ತಾನ. ನೀ ಬಿಟ್ರ ಅವ ನಡೀಬೇಕಾಗ್ತದ, ಬರಿಗಾಲಿಲೆ. ಆಗೋದಿಲ್ಲಂದ್ರ ಈಗ ಹೇಳು.”

ಬೇರೆ ಯಾರಾದರೂ ಆಗಿದ್ದರೆ ಸತ್ತವನ ಸಾಮಾನು ಬೇಡವೆಂದು ಕೈಮುಗಿದು ಹೊರಟುಬಿಡುತ್ತಿದ್ದರು. ಗುರುಶಾಂತನಿಗೆ ‘ಬರಿಗಾಲಿಲೆ’ ಎಂಬ ಒಂದು ಮಾತು ಎದೆಗೆ ನಾಟಿತು. ಅದಕ್ಕೆ ಕಾರಣವಿತ್ತು. ಅವನನ್ನು ಈ ಊರಿಗೆ ಕರೆತಂದವನು ಅಣ್ಣ ಪರಮೇಶ. ಅದಕ್ಕೆ ಹತ್ತು ವರ್ಷದ ಹಿಂದೆ, ಇಬ್ಬರೂ ಒಂದೇ ಕಟ್ಟಡದಲ್ಲಿ ಕೆಲಸ ಮಾಡುತ್ತಿದ್ದಾಗ, ಪರಮೇಶ ನಾಲ್ಕನೆಯ ಅಂತಸ್ತಿನಿಂದ ಬಿದ್ದು ಸತ್ತ. ಮೇಲೆ ಹತ್ತುವಾಗ ಚಪ್ಪಲಿ ಕೆಳಗೆ ಬಿಡುವುದು ರೂಢಿ. ಅವನ ಹೊಸ ತೊಗಲಿನ ಚಪ್ಪಲಿ ಮರಳಿನ ಗುಡ್ಡೆಯ ಪಕ್ಕದಲ್ಲಿ ಜೋಡಿಯಾಗಿ ಬಿದ್ದಿತ್ತು. ಗುರುಶಾಂತನ ಚಪ್ಪಲಿಯ ಹೆಬ್ಬೆರಳ ಉಂಗುಷ್ಟ ಕಿತ್ತುಹೋಗಿತ್ತು. ಅವನು ಯೋಚಿಸದೆ ಅಣ್ಣನ ಚಪ್ಪಲಿಯಲ್ಲಿ ಕಾಲಿಟ್ಟು, ಹೆಣದ ಜೊತೆ ಜೀಪು ಹತ್ತಿದ. ಅವರ ಊರಲ್ಲಿ ಸತ್ತವನ ಚಪ್ಪಲಿಯನ್ನು ಹೂಳಿದ ಮಣ್ಣಿನ ಮೇಲೆ ಇಟ್ಟು ಬರುತ್ತಾರೆ. ತಾಯಿ ಕೇಳಿದಳು, “ಪರಮೇಶನ ಕಾಲಮರಿ ಎಲ್ಲಿ?” ಅವು ಬಾಗಿಲ ಹೊರಗೆ ಇದ್ದವು. ಗುರುಶಾಂತ ಗೊತ್ತಿಲ್ಲ ಅಂದ. ಅಣ್ಣನನ್ನು ಬರಿಗಾಲಲ್ಲಿ ಕಳಿಸಿದೆ ಎಂಬ ಮಾತನ್ನು ಅವನು ಅಲ್ಲಿಂದಾಚೆ ಯಾರಿಗೂ, ಹೆಂಡತಿ ಸುಗಲಮ್ಮನಿಗೂ, ಹೇಳಿರಲಿಲ್ಲ.

“ಹೊಡೀತೀನ್ರಿ ಬಾಯಾರ,” ಅಂದ. ತುಳಸಾಬಾಯಿ ಅವನ ಎರಡೂ ಕೈಯ ಮೇಲೆ ನೀರು ಬಿಟ್ಟರು. ಅಂಗೈಯಿಂದ ನೀರು ತೊಟ್ಟಿಕ್ಕುತ್ತಿರುವಾಗ ಅವನಿಗೆ ತಾನು ಹೂಂ ಅಂದದ್ದು ಎಂಥದ್ದಕ್ಕೆ ಎಂದು ಸ್ವಲ್ಪ ಸ್ವಲ್ಪವಾಗಿ ತಿಳಿಯತೊಡಗಿತು.

ಅವತ್ತು ಕಾಚಿಗೂಡದಿಂದ ಪಟಾನ್‌ಚೆರುವಿಗೆ ಅದನ್ನೇ ಹತ್ತಿ ಬಂದ. ಸತ್ಯ ಹೇಳಬೇಕೆಂದರೆ ಅವನಿಗೆ ಅಷ್ಟು ಸುಖ ಯಾವ ವಾಹನದಲ್ಲೂ ಸಿಕ್ಕಿರಲಿಲ್ಲ. ಹೈದರಾಬಾದಿನ ರಸ್ತೆಗಳ ಗುಂಡಿ, ಹಂಪು, ಒಡೆದ ಮೋರಿ ಕಲ್ಲು ಎಲ್ಲವೂ ಕೆಳಗೆಲ್ಲೋ ಬೇರೆಯವರಿಗಾಗಿ ನಡೆದಿದ್ದವು. ಒಂದೇ ಒಂದು ಸಂಗತಿ ಸರಿಯಿರಲಿಲ್ಲ. ಕಾಲೊನಿಯ ತಿರುವಿನಲ್ಲಿ ಐದಾರು ನಾಯಿಗಳಿವೆ. ಸೈಕಲ್ ಅಂದರೆ ಮೀನಖಂಡಕ್ಕೇ ಬಾಯಿ ಹಾಕುವ ಜಾತಿ. ಅವತ್ತು ಅವು ಬೊಗಳಲಿಲ್ಲ. ಎದ್ದು, ಬಾಲ ಕೆಳಗೆ ಮಾಡಿ, ರಸ್ತೆಯ ಎರಡೂ ಬದಿಗೆ ಸರಿದು ನಿಂತವು. ಒಬ್ಬ ಮನುಷ್ಯನಿಗೆ ಬೇಕಾದುದಕ್ಕಿಂತ ಹೆಚ್ಚು ಜಾಗ ಬಿಟ್ಟವು.

ತಿಂಗಳಿಗೊಮ್ಮೆ, ಮಾಸಿಕದ ದಿನ, ಅವನು ಆ ಮನೆಗೆ ಹೋಗಿ ಊಟ ಮಾಡಬೇಕೆಂದು ತುಳಸಾಬಾಯಿ ಹೇಳಿದ್ದರು. ಮೊದಲ ತಿಂಗಳು ಎಲೆ ಹಾಕಿದ್ದು ಹೊರಗಿನ ಪಡಸಾಲೆಯಲ್ಲಿ. ಊಟವಾದ ಮೇಲೆ ರಾಯರು ಸೈಕಲ್ಲಿನ ಹತ್ತಿರ ಕರೆದರು. ಅವರು ದೇವರು ದಿಂಡರು ನಂಬದ ಮನುಷ್ಯ, ಹೆಂಡತಿಯ ಸಮಾಧಾನಕ್ಕೆ ಎಲ್ಲಕ್ಕೂ ಸುಮ್ಮನಿದ್ದವರು. ಸೀಟಿನ ಕೆಳಗೆ ಹಿಂದಿನ ಚಕ್ರಕ್ಕೆ ಆಧಾರವಾಗಿ ಒಂದು ಗಾಳಿಯ ಕೊಳವೆ. ಅದರೊಳಗೆ ಜಾರುವ ನುಣುಪು ಸರಳಿನ ಮೇಲೆ ಸಣ್ಣ ರಬ್ಬರ್ ಉಂಗುರ, ಪಕ್ಕದಲ್ಲಿ ಮಗನ ಕೈಬರಹದ ಕಾಗದದ ಪಟ್ಟಿ: ‘78 ಕೆಜಿ, ಗಾಳಿ 185.’

“ಈ ಉಂಗುರ ಅದ ಅಲ್ಲಾ, ಇದು ತೂಕ ಹೇಳ್ತದ,” ಎಂದರು ರಾಯರು. “ಹತ್ತಿ ಸುಮ್ಮನ ಕೂತು ಮೆಲ್ಲಗ ಇಳಿಬೇಕು. ಎಷ್ಟು ಭಾರ ಕೂತಿತ್ತೋ ಅಷ್ಟು ಕೆಳಗ ಉಂಗುರ ಸರದಿರ್ತದ. ಅವನ ತೂಕಕ್ಕ ಇಲ್ಲಿ ಗೆರಿ ಹಾಕ್ಯಾನ ನೋಡು. ನೀ ತೆಳ್ಳಗಿದ್ದಿ, ನಿನಗ ಗಾಳಿ ಕಡಿಮಿ ಮಾಡ್ಬೇಕು. ಕೂಡು, ನೋಡೋಣ.”

ರಾಯರು ಉಂಗುರವನ್ನು ಮೇಲಕ್ಕೆ ಸರಿಸಿದರು. ಗುರುಶಾಂತ ಕೂತು ಇಳಿದ. ಉಂಗುರ ಗೆರೆಯ ಮೇಲೆ ನಿಂತಿತ್ತು. ಎಪ್ಪತ್ತೆಂಟರ ಗೆರೆ.

“ಚೀಲ ಬೆನ್ನಿಗೇ ಅದ ಏನು?”

“ಇಲ್ರಿ ಸಾಹೇಬ್ರ, ಅಲ್ಲೈತಿ.” ಚೀಲ ಮೆಟ್ಟಿಲ ಮೇಲಿತ್ತು.

ಗಾಳಿ ಸೋರಿರಬೇಕು ಎಂದು ರಾಯರು ಮೀಟರಿನ ಸಣ್ಣ ಪಂಪು ತಂದು ಹಚ್ಚಿದರು. ಮುಳ್ಳು ಸರಿಯಾಗಿ ನೂರ ಎಂಬತ್ತೈದಕ್ಕೆ ನಿಂತಿತು. ಮೀಟರೇ ಕೆಟ್ಟಿರಬೇಕು ಎಂದು ಅವರೇ ಉಂಗುರ ಮೇಲಕ್ಕೆ ಸರಿಸಿ, ಧೋತರ ಎತ್ತಿ ಕಟ್ಟಿ, ಗೋಡೆ ಹಿಡಿದು ಹತ್ತಿ ಕೂತು ಇಳಿದರು. ಅವರ ತೂಕ ಅರವತ್ತೆರಡು. ಉಂಗುರ ಗೆರೆಗಿಂತ ಒಂದು ಬೆರಳು ಮೇಲೆಯೇ ನಿಂತಿತು. ಮೀಟರ್ ಸರಿಯಿತ್ತು, ಗಾಳಿ ಸರಿಯಿತ್ತು. ಅವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು, ಗಾಳಿಯನ್ನು ಮುಟ್ಟದೆ ಪಂಪನ್ನು ಅದರ ಚೀಲಕ್ಕೆ ತುರುಕಿದರು.

“ಇವಳ ಮುಂದ ಹೇಳಬ್ಯಾಡ,” ಅಂದರು.

ಗುರುಶಾಂತ ಅಲ್ಲಿಂದ ನೇರವಾಗಿ ಕಾಚಿಗೂಡ ಸ್ಟೇಶನ್ನಿಗೆ ಹೋಗಿ ಬಣ್ಣದ ದೀಪ ತಿರುಗುವ ತೂಕದ ಯಂತ್ರ ಹತ್ತಿದ. ಚೀಟಿ ಬಂತು: ಐವತ್ತಾರು. ನಡು ಮಧ್ಯಾಹ್ನ, ಜನ ಗಿಜಿಗುಡುವ ಸ್ಟೇಶನ್, ಒಬ್ಬಳು ಹೆಂಗಸು ಮಗುವಿಗೆ ಬಾಳೆಹಣ್ಣು ಸುಲಿದು ಕೊಡುತ್ತಿದ್ದಳು. ಅದರ ನಡುವೆ ನಿಂತು ಅವನು ಲೆಕ್ಕ ಹಾಕಿದ. ಅವನಲ್ಲಿ ಇಲ್ಲದ ಇಪ್ಪತ್ತೆರಡು ಕೆಜಿ ಎಲ್ಲಿಂದ ಬಂತು? ಹೊರಗೆ ಸೈಕಲ್ ಕಂಬಕ್ಕೆ ಒರಗಿ ನಿಂತಿತ್ತು. ಬಿಟ್ಟು ರೈಲು ಹತ್ತಿ ಊರಿಗೆ ಹೋಗಿಬಿಡಲೇ ಅನ್ನಿಸಿತು. ಹಾಗೆ ಹೋದರೆ ನಡೆಯುವವನು ಯಾರೆಂದು ಮತ್ತೆ ನೆನಪಾಗಿ, ಹೋಗಿ ಹ್ಯಾಂಡಲ್ ಹಿಡಿದ.

ಆ ಚೀಟಿ ಅವನ ಜೇಬಿನಲ್ಲಿ ಉಳಿಯಿತು, ಹೆದರಿಕೆಯೂ ಉಳಿಯಿತು. ಮೊದಮೊದಲು ಹಿಂದಿರುಗಿ ನೋಡದೆ ಹಲ್ಲು ಕಚ್ಚಿಕೊಂಡು ತುಳಿಯುತ್ತಿದ್ದ. ಏರು ಬಂದಾಗ ಸೈಕಲ್ ಭಾರವಾಗುತ್ತಿರಲಿಲ್ಲ, ವಿಚಿತ್ರವೆಂದರೆ ಅದು; ಯಾರೋ ಜೊತೆಯಲ್ಲಿ ತುಳಿದಂತೆ ಹಗುರವಾಗಿ ಹತ್ತುತ್ತಿತ್ತು. ಇಳಿಜಾರಿನಲ್ಲಿ ಅವನು ಬ್ರೇಕಿಗೆ ಬೆರಳು ಒಯ್ಯುವ ಮೊದಲೇ ಹಿಂದಿನ ಚಕ್ರ ಮೆಲ್ಲಗಾಗುತ್ತಿತ್ತು. ಮನುಷ್ಯ ಎಲ್ಲದಕ್ಕೂ ಒಗ್ಗಿಕೊಳ್ಳುವ ಪ್ರಾಣಿ. ನಾಲ್ಕನೆಯ ತಿಂಗಳ ಹೊತ್ತಿಗೆ ಅವನು, “ಸಾಹೇಬ್ರ, ಮುಂದ ದೊಡ್ಡ ಗುಂಡಿ ಐತ್ರಿ, ಹುಷಾರು,” ಎಂದು ಬಾಯಿಬಿಟ್ಟು ಹೇಳತೊಡಗಿದ. ಆರನೆಯ ತಿಂಗಳು ತುಳಸಾಬಾಯಿ ಅವನ ಎಲೆಯನ್ನು ಪಡಸಾಲೆಯಿಂದ ಅಡುಗೆಮನೆಯ ಹೊಸ್ತಿಲ ಹತ್ತಿರಕ್ಕೆ ತಂದರು. ಪ್ರತಿ ಸಲವೂ ಅವರು ಕೇಳುತ್ತಿದ್ದುದು ಒಂದೇ ಮಾತು: “ಹೊಡೀಲಿಕ್ಕೆ ಹತ್ತೀಯಲ್ಲಪ್ಪಾ?” ಅವನು ಹೂಂ ಅನ್ನುತ್ತಿದ್ದ, ಅದು ನಿಜವೇ ಆಗಿತ್ತು.

ಹತ್ತನೆಯ ತಿಂಗಳಲ್ಲಿ ಸುಗಲಮ್ಮ ಕಂಡಳು. ಕಾರ್ಖಾನೆಯ ಪ್ಯಾಕಿಂಗ್ ಕೆಲಸಕ್ಕೆ ಹೋಗುವ ಗಟ್ಟಿ ಹೆಂಗಸು ಅವಳು, ಬಸ್ಸಿನಲ್ಲಿ ಸೀಟಿಗಾಗಿ ಗಂಡಸರನ್ನು ಎಬ್ಬಿಸುವವಳು. ಬೆಳಗ್ಗೆ ಬಾಗಿಲಲ್ಲಿ ಬುತ್ತಿ ಹಿಡಿದು ನಿಂತಿದ್ದಳು. ಗುರುಶಾಂತ ಎಡಗೈಯಲ್ಲಿ ಹ್ಯಾಂಡಲ್ ಹಿಡಿದು, ಚೀಲದ ಪಟ್ಟಿ ಸರಿಮಾಡಿಕೊಳ್ಳುತ್ತಿದ್ದ. ಅವನ ಎರಡೂ ಕಾಲು ನೆಲದ ಮೇಲಿದ್ದವು. ಬಿಸಿಲು ಚೆನ್ನಾಗಿ ಬಿದ್ದಿತ್ತು. ಅವಳ ಕಣ್ಣೆದುರಿಗೆ ಸೀಟು ಎರಡು ಬೆರಳಷ್ಟು ಕೆಳಗೆ ಇಳಿಯಿತು, ಯಾರೋ ಅವಸರವಿಲ್ಲದೆ ಹತ್ತಿ ಕೂತಂತೆ.

ಬುತ್ತಿ ಕೈಜಾರಿ ಬಿತ್ತು.

“ನೀ ಕುಂದ್ರಾಕ ಮೊದಲ ಅದು ಕುಂತಿತು,” ಅಂದಳು. “ನಾ ನೋಡಿದೆ. ನೀ ಹತ್ತೇ ಇರಲಿಲ್ಲ.”

ಅವನು ಇಲ್ಲ ಅನ್ನಲಿಲ್ಲ. ಅವನ ಮುಖ ನೋಡಿ ಅವಳಿಗೆ ಇನ್ನೂ ಹೆದರಿಕೆಯಾಯಿತು. ಗಂಡನಿಗೆ ಮೊದಲೇ ಗೊತ್ತು ಎಂಬುದು ಆ ಮುಖದಲ್ಲಿತ್ತು. ಅವತ್ತು ಸಂಜೆಗೆ ಅವಳು ಸಂತೆಯಿಂದ ಸರಪಳಿ, ಬೀಗ ತಂದು ಸೈಕಲ್ಲನ್ನು ಕಂಬಕ್ಕೆ ಬಿಗಿದು, ಕೀಲಿಯನ್ನು ಸೆರಗಿಗೆ ಕಟ್ಟಿಕೊಂಡಳು. “ಒಯ್ದು ಕೊಟ್ಟು ಬಾ, ಇಲ್ಲಾಂದ್ರ ನಾ ಊರಿಗೆ ಹೋಗ್ತೀನಿ. ಸತ್ತವರ ಕೂಡ ಸಂಸಾರ ನನ್ನ ಕೈಲೆ ಆಗೂದಿಲ್ಲ.”

ಗುರುಶಾಂತ ಮರುದಿನದಿಂದ ಬಸ್ಸು ಹಿಡಿದ. ಕಾಚಿಗೂಡಕ್ಕೆ ಹೋಗಿ ಹೇಳುವ ಧೈರ್ಯವಾಗಲಿಲ್ಲ. ಒಂದು ದಿನ, ಎರಡು ದಿನ, ಹಾಗೆ ಐದು ದಿನವಾಯಿತು. ಐದನೆಯ ದಿನ ಮಧ್ಯಾಹ್ನ ಅವನು ಹೊಸ ಮನೆಯೊಂದರ ಹಜಾರದಲ್ಲಿ ಟೈಲ್ಸ್ ಕೂರಿಸುತ್ತಿದ್ದಾಗ ಫೋನು ಬಂತು. ಹಿಂದೆಂದೂ ತಾವಾಗಿ ಫೋನು ಮಾಡದಿದ್ದ ತುಳಸಾಬಾಯಿ.

“ಗುರುಶಾಂತ, ಸೈಕಲ್ ಏನರೆ ಕೆಟ್ಟದೇನಪ್ಪಾ?”

“ಇಲ್ರಿ ಬಾಯಾರ. ಯಾಕ್ರಿ?”

“ಐದು ದಿವಸ ಆತು, ಬೆಳಗಿನ ಝಾವ ಕನಸಿನಾಗ ಬರ್ಲಿಕ್ಕೆ ಹತ್ತ್ಯಾನ. ಇಷ್ಟು ದಿವಸ ಬಂದವ ಅಲ್ಲ. ನಡೀತಾನ, ಸುಮ್ಮನ ನಡೀತಾನ. ನಿನ್ನೆ ಕಾಲು ಎತ್ತಿ ತೋರಿಸಿದಾ. ಅಂಗಾಲಿನಾಗ ಚರ್ಮ ಇಲ್ಲಪ್ಪಾ. ನೀ ದಿನಾ ಹೊಡೀಲಿಕ್ಕೆ ಹತ್ತೀಯಲ್ಲಾ?”

“ಹೊಡ್ಯಾಕತ್ತೀನ್ರಿ,” ಅಂದುಬಿಟ್ಟ ಗುರುಶಾಂತ.

“ಹಂಗಾರ ನನಗs ವಯಸ್ಸಾತು ಬಿಡು. ಮುದುಕಿಗೆ ಏನೇನೋ ಕಾಣ್ತದ. ಕೆಲಸದಾಗ ಇದ್ದಿ, ಮಾಡ್ಕೋ.”

ಅವರು ಬೈದಿದ್ದರೆ ಚೆನ್ನಾಗಿತ್ತು. ಅವನು ಫೋನು ಕೆಳಗಿಟ್ಟ. ಹಸಿ ಟೈಲ್ಸ್ ಕೆಲಸದಲ್ಲಿ ಚಪ್ಪಲಿ ಹಾಕುವುದಿಲ್ಲ. ಸಿಮೆಂಟು ಮೆತ್ತಿದ ತನ್ನ ಬರಿಗಾಲನ್ನು ನೋಡುತ್ತ ಕೂತ. ಒಮ್ಮೆ ತಾಯಿಗೆ ಸುಳ್ಳು ಹೇಳಿದ್ದ, ಈಗ ಇನ್ನೊಬ್ಬ ತಾಯಿಗೆ ಅದೇ ಸುಳ್ಳು ಹೇಳಿದ್ದ. ಕರಣೆ ತೊಳೆದು, ಅರ್ಧ ದಿನಕ್ಕೇ ಕೆಲಸ ಬಿಟ್ಟು ಮನೆಗೆ ಬಂದ. ಸುಗಲಮ್ಮ ಬರುವ ತನಕ ಹೊಸ್ತಿಲ ಮೇಲೆ ಕೂತಿದ್ದು, ಅವಳು ಬಂದೊಡನೆ ಹನ್ನೊಂದು ವರ್ಷ ಹೇಳದ ಚಪ್ಪಲಿಯ ಮಾತನ್ನು ಹೇಳಿದ. ಪೂರ್ತಿ ಹೇಳಿದ.

“ಅಣ್ಣನ್ನ ಬರಿಗಾಲಿಲೆ ಕಳಿಸಿದೆ,” ಅಂದ ಕೊನೆಗೆ. “ಇವನ್ನ ಹ್ಯಾಂಗ ಕಳಿಸ್ಲಿ? ಇನ್ನ ಎರಡs ತಿಂಗಳು ಐತಿ.”

ಆ ಚಪ್ಪಲಿ ಸುಗಲಮ್ಮನಿಗೆ ನೆನಪಿತ್ತು. ಹರಿದಾಗ ಎರಡು ಸಲ ಹೊಲಿಸಿಕೊಂಡು ಬಂದವಳು ಅವಳೇ, ಯಾರವೆಂದು ಗೊತ್ತಿಲ್ಲದೆ. ಸೆರಗಿನ ಗಂಟು ಬಿಚ್ಚಿ ಕೀಲಿ ಅವನ ಮುಂದಿಟ್ಟಳು. “ನಾ ಅದನ್ನ ನೋಡೂದಿಲ್ಲ. ನೀ ಹೋಗೂ ಮುಂದ ನಾ ಒಳಗಿರ್ತೀನಿ. ಆದ್ರ ಹೊಡಿ.” ಅವತ್ತಿನಿಂದ ಅವಳು ಬುತ್ತಿಯನ್ನು ಕಿಟಕಿಯಿಂದ ಕೊಡುತ್ತಿದ್ದಳು. ಮರುದಿನವೇ ತುಳಸಾಬಾಯಿಯ ಕನಸು ನಿಂತಿತು, ಮಾಸಿಕದ ದಿನ ಅವರೇ ಹೇಳಿದರು. ಹೇಳುವಾಗ ಅವನ ಮುಖವನ್ನು ನೇರವಾಗಿ ನೋಡಿದರು, ಮತ್ತೇನೂ ಕೇಳಲಿಲ್ಲ.

ವರ್ಷಾಂತದ ದಿನ ಬಂತು. ಅವತ್ತು ದಾರಿ ಮುಗಿಯುವ ದಿನ. ಕಾಚಿಗೂಡಕ್ಕೆ ಹೋಗುವ ಮೊದಲು, ಒಂದು ವರ್ಷ ಅವನು ತಪ್ಪಿಸಿಕೊಂಡು ತಿರುಗಿದ್ದ ಆ ಕಲ್ಲುಗುಡ್ಡದ ದಾರಿ ಹಿಡಿದ. ಯಾಕೆಂದು ಕೇಳಿದರೆ ಅವನಿಗೆ ಹೇಳಲು ಬರುವುದಿಲ್ಲ. ಮಿಲಿಂದ ಸಾಹೇಬರು ಎಲ್ಲಿ ಹತ್ತಿದರೋ ಅವರನ್ನು ಅಲ್ಲಿಯೇ ಇಳಿಸಿ ಬರಬೇಕು ಎಂದು ಕಾಲಿಗೆ ತಿಳಿದಿತ್ತು, ಅಷ್ಟೇ. ಬೆಳಗಿನ ಏಳೂವರೆ ಗಂಟೆ, ಎಳೆ ಬಿಸಿಲು. ದಾರಿಯೆಂದರೆ ದಾರಿಯಲ್ಲ, ಕಲ್ಲಿನ ಮೆಟ್ಟಿಲು, ಮುಳ್ಳುಕಂಟಿ. ಅಂಥಲ್ಲಿ ಸೈಕಲ್ ಹೊಡೆದು ಅವನಿಗೆ ಗೊತ್ತೇ ಇರಲಿಲ್ಲ. ಆದರೆ ಹ್ಯಾಂಡಲ್ ತಾನಾಗಿ ಸಂದು ಹುಡುಕಿತು, ಎರಡು ಚಕ್ರಗಳೂ ಮಡಚಿ ಬಿಚ್ಚಿ ಮಡಚಿ ಬಿಚ್ಚಿ ಕಲ್ಲು ಹತ್ತಿದವು. ಗುರುಶಾಂತ ತುಳಿದದ್ದು ನಿಜ, ನಡೆಸಿದ್ದು ಅವನಲ್ಲ. ಸುತ್ತ ಒಂದು ಹಕ್ಕಿಯ ಸದ್ದೂ ಇರಲಿಲ್ಲ.

ಬಂಡೆ ಬಂತು. ಅವನು ಇಳಿದ. ಸೈಕಲ್ಲನ್ನು ಬಂಡೆಗೆ ಒರಗಿಸಿ ನಾಲ್ಕು ಹೆಜ್ಜೆ ಆಚೆ ಹೋಗಿ, ಬೆನ್ನು ಮಾಡಿ ನಿಂತು, ನೀರು ಕುಡಿದ. ತಿರುಗಿ ನೋಡಿದಾಗ ಸೀಟು ಇನ್ನೂ ಕೆಳಗೇ ಇತ್ತು. ಅವನು ಇಳಿದು ಎಷ್ಟು ಹೊತ್ತಾಗಿತ್ತು, ಅದು ಏಳಬೇಕಿತ್ತು. ಏಳಲಿಲ್ಲ. ಓಡಬೇಕೆನ್ನಿಸಿತು, ಓಡಲಿಲ್ಲ.

“ಬಂತ್ರಿ ಸಾಹೇಬ್ರ,” ಅಂದ. “ಇಳೀರಿ. ಕಾಲು ಸುಡೂದಿಲ್ಲ ಇಲ್ಲಿ, ನೆಳ್ಳೈತಿ.”

ಕೊಳವೆಯೊಳಗಿನ ಗಾಳಿ ಮೆಲ್ಲಗೆ ಉಸ್ಸೆಂದಿತು. ಸೀಟು ಎರಡು ಬೆರಳು ಮೇಲೆ ಬಂತು. ಬಂಡೆಯ ನೆರಳಿನಲ್ಲಿ ಒಣಹುಲ್ಲು ಒಂದು ಕಡೆಗೆ ಬಾಗಿ ಹಾಗೇ ನಿಂತಿತು, ಗಾಳಿಯಿರಲಿಲ್ಲ. ಆಮೇಲೆ ದೂರದಲ್ಲೆಲ್ಲೋ ಒಂದು ಆಡು ಕೂಗಿತು, ಇನ್ನೊಂದು ಕೂಗಿತು, ಹಕ್ಕಿಗಳು ಮಾತು ಶುರು ಮಾಡಿದವು.

ಅವನು ಉಂಗುರವನ್ನು ಮೇಲಕ್ಕೆ ಸರಿಸಿ, ಹತ್ತಿ ಕೂತು, ಇಳಿದು ನೋಡಿದ. ಗೆರೆಗಿಂತ ಎಷ್ಟೋ ಮೇಲೆ ನಿಂತಿತ್ತು. ಐವತ್ತಾರು ಕೆಜಿಯ ಒಬ್ಬ ಮನುಷ್ಯ. ಗುಡ್ಡ ಇಳಿಯುವಾಗ ಆ ಒಂಟೆ ಅವನನ್ನು ದಡಬಡ ಕುಣಿಸಿ ಎರಡು ಸಲ ಕೆಳಗೆ ಕೆಡವಿತು. ಮಂಡಿ ತರಚಿ ರಕ್ತ ಬಂತು. ಕಾಲೊನಿಯ ತಿರುವಿನಲ್ಲಿ ಅಷ್ಟೂ ನಾಯಿಗಳು ಎದ್ದು ಬೊಗಳುತ್ತ ಅವನ ಮೀನಖಂಡಕ್ಕೆ ಬೆನ್ನಟ್ಟಿದವು. ಒಂದು ವರ್ಷದಿಂದ ಅವನು ಬೇಡಿಕೊಂಡದ್ದು ಇದನ್ನೇ, ಮನುಷ್ಯರಂತೆ ಒಬ್ಬನೇ ಹೋಗುವುದನ್ನು. ಈಗ ಸಿಕ್ಕಿತು, ಮತ್ತು ಅವನಿಗೆ ದುಃಖ ಒತ್ತರಿಸಿ ಬಂತು. ಕಾಚಿಗೂಡದ ತನಕ ಮೂವತ್ತೈದು ಕಿಲೋಮೀಟರ್ ಒಬ್ಬನೇ ತುಳಿದ.

ತುಳಸಾಬಾಯಿ ಬಾಗಿಲಲ್ಲೇ ನಿಂತಿದ್ದರು. ಅವನನ್ನೂ ಸೈಕಲ್ಲನ್ನೂ ಒಮ್ಮೆ ನೋಡಿದರು.

“ಇಳದಾ ಏನಪ್ಪಾ?”

“ಇಳದ್ರಿ ಬಾಯಾರ. ನೆಳ್ಳಿನಾಗ.”

ಅವರು ಕಣ್ಣು ಮುಚ್ಚಿ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡರು. ಆಮೇಲೆ, ಕೈಕಾಲು ತೊಳಕೋ, ಎಲಿ ಹಾಕ್ತೀನಿ ಅಂದರು. ಅವತ್ತು ಅವನ ಎಲೆ ಅಡುಗೆಮನೆಯ ಒಳಗಿತ್ತು.

ಊಟವಾದ ಮೇಲೆ ರಾಯರು ಪಂಪು ಹಿಡಿದು ಅಂಗಳಕ್ಕೆ ಬಂದರು. ಗುರುಶಾಂತನನ್ನು ಒಮ್ಮೆ ಹತ್ತಿಸಿ ಇಳಿಸಿ ಉಂಗುರ ನೋಡಿದರು. ಮಗನ ಕಾಗದದ ಪಟ್ಟಿಯನ್ನು ಉಗುರಿನಿಂದ ಮೆಲ್ಲಗೆ ಬಿಡಿಸಿ ಜೇಬಿಗೆ ಹಾಕಿಕೊಂಡು, ಕೊಳವೆಯ ಗಾಳಿ ಬಿಡತೊಡಗಿದರು. ಸಣ್ಣಗೆ ಸುಯ್ಯೆನ್ನುವ ಸದ್ದು ಮನೆಯೊಳಗೂ ಕೇಳಿತು. ಅದು ಮಿಲಿಂದ ತನ್ನ ಕೈಯಿಂದ ತುಂಬಿದ್ದ ಗಾಳಿ.

“ಅಷ್ಟೂ ಬಿಡಬ್ಯಾಡ್ರಿ,” ಎಂದರು ತುಳಸಾಬಾಯಿ ಮೆಟ್ಟಿಲ ಮೇಲಿಂದ. “ಸ್ವಲ್ಪ ಇರ್ಲಿ.”

“ಇವನ ತೂಕಕ್ಕ ಎಷ್ಟು ಬೇಕೋ ಅಷ್ಟು ಇರ್ತದ,” ಎಂದರು ರಾಯರು. “ಸೈಕಲ್ ಇನ್ನ ನಿನ್ನದು, ಗುರುಶಾಂತ. ನಿನ್ನ ಮಾತು ಮುಗೀತು. ಬೇಕಾದ್ರ ಹೊಡಿ, ಬ್ಯಾಡಾದ್ರ ಮಾರು.”

ಗುರುಶಾಂತ ಹೋಗಲಿಲ್ಲ. ಅಲ್ಲೇ ನಿಂತು ನೆಲ ನೋಡುತ್ತಿದ್ದ. ಏನಪ್ಪಾ ಎಂದು ತುಳಸಾಬಾಯಿ ಕೇಳಿದಾಗ, ನಡುವೆ ಐದು ದಿನ ತಾನು ಸೈಕಲ್ ಹೊಡೆಯಲಿಲ್ಲ, ಫೋನಿನಲ್ಲಿ ಸುಳ್ಳು ಹೇಳಿದೆ ಎಂದ. ನನಗ ಗೊತ್ತದ ಅಂದರು ಅವರು. ಆಮೇಲೆ ಪರಮೇಶನ ಮಾತು ಹೇಳಿದ. ಮರಳಿನ ಗುಡ್ಡೆಯ ಪಕ್ಕದ ಜೋಡಿ ಚಪ್ಪಲಿ, ತಾಯಿ ಕೇಳಿದ್ದು, ತಾನು ಗೊತ್ತಿಲ್ಲ ಅಂದದ್ದು. “ನಿಮ್ಮ ಮಗನ್ನ ಮುಟ್ಟಿಸಿದೆ ಬಾಯಾರ. ನಮ್ಮಣ್ಣ ಎಲ್ಲಿ ನಿಂತಾನೋ. ಅವನ ಕಾಲಾಗಿನವು ನಾನs ಕಸ್ಕೊಂಡೆ.”

ತುಳಸಾಬಾಯಿ ಮೆಟ್ಟಿಲಿಳಿದು ಬಂದರು.

“ಅವನ್ನ ಏನ್ ಮಾಡಿದಿ? ಒಗದಿ?”

“ಇಲ್ರಿ. ನಾನs ಹಾಕ್ಕೊಂಡೆ.”

“ಎಷ್ಟು ದಿವಸ?”

“ಎರಡು ವರ್ಷ್ರಿ. ಅಟ್ಟಿ ಸವೆದು ತೂತು ಬೀಳೋತನಕ.”

“ದಿನಾ?”

“ದಿನಾ ರೀ. ನನಗ ಬ್ಯಾರೆ ಇರಲಿಲ್ಲ.”

ಅವರು ಮಗ್ಗಿ ತಪ್ಪಿದ ಹುಡುಗನನ್ನು ನೋಡುವ ಹಾಗೆ ಅವನನ್ನು ನೋಡಿದರು.

“ದಾರಿ ಇರೋದು ಒಂದು ವರ್ಷದ್ದು. ನೀ ಎರಡು ವರ್ಷ ದಿನಾ ಮೆಟ್ಟಿ ಅಡ್ಡಾಡೀದಿ. ನಿಮ್ಮಣ್ಣನ ಕಾಲು ಎಲ್ಲಿ ಸುಟ್ಟಾವು, ಹುಚ್ಚಪ್ಪಾ? ಅವ ಹೋಗಿ ಮುಟ್ಟಿ, ಅಲ್ಲೂ ಒಂದು ವರ್ಷ ಚಪ್ಪಲ್ ಹಾಕ್ಕೊಂಡs ತಿರುಗ್ಯಾನ.”

ಗುರುಶಾಂತ ಮೆಟ್ಟಿಲ ಮೇಲೆ ಕೂತುಬಿಟ್ಟ. ಅಣ್ಣ ಸತ್ತ ಹನ್ನೊಂದು ವರ್ಷಕ್ಕೆ, ಆ ನಡು ಮಧ್ಯಾಹ್ನ, ಬೇರೆಯವರ ಅಂಗಳದಲ್ಲಿ, ಮೊದಲ ಸಲ ಅವನಿಗಾಗಿ ಬಾಯಿಬಿಟ್ಟು ಅತ್ತ. ತುಳಸಾಬಾಯಿ ಒಳಗೆ ಹೋಗಿ ಒಂದು ತಂಬಿಗೆ ನೀರು ತಂದು ಅವನ ಪಕ್ಕದಲ್ಲಿಟ್ಟರು.